ಹಿಂಬಾಗಿಲಿನ ಸೊಟ್ಟ ಬ್ರೆಡ್ಡು

ಆ ಬೆಳಗ್ಗೆ ಬೇಕರಿ ಯಜಮಾನರ ಮಗಳು ಕಿರುಚಿದ್ದಕ್ಕೆ ಚರ್ಚಿನ ಗಂಟೆ ತಾನಾಗಿಯೇ ಮೊಳಗಿತು, ಕಪಾಟಿನಲ್ಲಿದ್ದ ಮೊಟ್ಟೆಗಳೆಲ್ಲ ಒಡೆದು ಕೋಳಿಮರಿಗಳು ಬೀದಿಗೆ ಓಡಿದವು! ಹುಟ್ಟಿದಾಗಿನಿಂದ ಯಾರ ಮುಂದೆಯೂ ಕೈಚಾಚದ, ಸುಳ್ಳೆಂದರೇನೆಂದೇ ತಿಳಿಯದ ನಾನು ಹೇಳುತ್ತಿದ್ದೇನೆ. ನಂಬಿ.

"ಏನಿದು?!"

ಭಟ್ಟಿಯ ಮುಂದಿದ್ದ ಬೇಕರ್ ಬೆಚ್ಚಿಬಿದ್ದ. ಅವನ ಕೈಯಲ್ಲಿ ಬೆಣ್ಣೆಯಂಥ ಹಿಟ್ಟಿನ ಉಂಡೆ. ಚೆಂದದ ಆಕಾರಕ್ಕೆ ಬಂದಿದ್ದ ಅದನ್ನು ಅವನು ಬೇಕೆಂದೇ ಹಿಂಡಿ, ತಿರುಚಿ, ಸೊಟ್ಟ ಮಾಡುತ್ತಿದ್ದ!

ಅದನ್ನು ಬಾಗಿಲಲ್ಲಿ ನಿಂತ ಅವಳು ಕಣ್ಣಾರೆ ಕಂಡಳು.

ಊರಿನ ಕಾರ್ಖಾನೆ ಮುಚ್ಚಿದ ಮೇಲೆ ವ್ಯಾಪಾರ ನೆಲಕಚ್ಚಿತ್ತು. ಅಪ್ಪ ಹಾಸಿಗೆ ಹಿಡಿದು ಅಂಗಡಿಯ ಭಾರ ಅವಳ ತಲೆಗೆ ಬಂದಿತ್ತು. ಸೊಟ್ಟಗಾದ ಬ್ರೆಡ್ಡನ್ನು ಮಾರಬಾರದು, ಹಿಂಬಾಗಿಲಿನ ಬುಟ್ಟಿಯಲ್ಲಿಡಬೇಕು, ಬೇಕಾದವರು ಒಯ್ಯಲಿ... ಇದು ಅಜ್ಜನ ಕಾಲದ ನೇಮ. ಇತ್ತೀಚೆಗೆ ಆ ಬುಟ್ಟಿ ದಿನಾ ತುಂಬುತ್ತಿತ್ತು. ಕೈತಪ್ಪಿರಬೇಕೆಂದು ಅವಳು ಅವನಿಗೆ 'ಸೊಟ್ಟಪ್ಪ' ಎಂದು ಹೆಸರಿಟ್ಟು ನಕ್ಕಿದ್ದಳು. ಅವನೂ ನಕ್ಕಿದ್ದ. ಆ ನಗು ನೋಡಲೆಂದೇ ಅವಳು ಇಲ್ಲದ ಕೆಲಸ ಹುಡುಕಿಕೊಂಡು ಭಟ್ಟಿಯ ಕೋಣೆಗೆ ಬರುತ್ತಿದ್ದುದು ನಿಮ್ಮಲ್ಲೇ ಇರಲಿ.

ಆದರೆ ಇದು ಕೈತಪ್ಪಲ್ಲ... ದ್ರೋಹ!

"ಅಂಗಡಿ ಮುಳುಗ್ತಿರೋವಾಗ ಹಿಟ್ಟು ಹಾಳು ಮಾಡ್ತೀರಾ? ನಾನು ನಿಮ್ಮನ್ನ ಏನಂತ ತಿಳ್ಕೊಂಡಿದ್ದೆ ಗೊತ್ತಾ?"

"ಏನಂತ, ಯಜಮಾನ್ರೇ?"

"ಅದೆಲ್ಲ ಈಗ ಬೇಡ! ಏಪ್ರನ್ ಬಿಚ್ಚಿಡಿ. ಹೊರಡಿ!"

ಅವನು ಎಂದಿನಂತೆ ಉಂಡೆಯ ಮೇಲೆ ಬೆರಳಿನಿಂದ ಶಿಲುಬೆಯ ಗುರುತು ಹಾಕಿ ಭಟ್ಟಿಗೆ ತಳ್ಳಿದ. ಏಪ್ರನ್ ಮಡಿಸಿಟ್ಟ.

"ಸೀದು ಹೋಗೋಕೆ ಮುಂಚೆ ತೆಗೀರಿ," ಎಂದ. ಅಷ್ಟೇ.

ಬ್ರೆಡ್ಡು ಬೇಯುವಷ್ಟರಲ್ಲಿ ಹಿಟ್ಟಿನ ಗಾಡಿಯವನು ಮೂಟೆ ಹೊತ್ತು ಬಂದ.

"ಇದು ನಮ್ಮದಲ್ಲ. ನಾವು ಹೇಳೇ ಇಲ್ಲ."

"ನಿಮ್ದಲ್ಲಮ್ಮ, ನಿಮ್ಮ ಬೇಕರಣ್ಣಂದು. ಕಾರ್ಖಾನೆ ಮುಚ್ಚಿದಾಗಿಂದ ಹಿಂಬಾಗಿಲ ಬುಟ್ಟಿಗೆ ಅಂತ ತಮ್ಮ ಸಂಬಳದಲ್ಲೇ ಹಿಟ್ಟು ಕೊಳ್ತಾರಲ್ಲ... ಏನಮ್ಮಾ, ನಿಮಗೇ ಗೊತ್ತಿಲ್ವಾ?"



ಅವಳು ಭಟ್ಟಿಯಿಂದ ಸೊಟ್ಟ ಬ್ರೆಡ್ಡು ತೆಗೆದು ಚೂರು ಬಾಯಿಗಿಟ್ಟಳು. ಅಯ್ಯೋ ದೇವರೇ! ಹೊರಗೆ ಗರಿಗರಿ, ಒಳಗೆ ಹತ್ತಿ... ಹಸಿದವನ ಕಣ್ಣಲ್ಲಿ ನೀರು ತರಿಸುವ ರುಚಿ ಅದು.

ಗಾಳಿಯೇ ಹಿಂದೆ ಬೀಳುವಂತೆ ಓಡಿದಳು. ಚರ್ಚಿನ ಮೆಟ್ಟಿಲ ಮೇಲೆ ಅವನು ಒಬ್ಬನೇ ಕೂತಿದ್ದ.

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಅದು ದಾನ ಆಗ್ತಿತ್ತು. ಕೆಲಸ ಕಳ್ಕೊಂಡೋರು ತಲೆ ತಗ್ಗಿಸ್ಕೊಂಡು ಬರಬೇಕಿತ್ತು. ಸೊಟ್ಟ ಬ್ರೆಡ್ಡಾದ್ರೆ ನನ್ನನ್ನ ಬೈಕೊಂಡು, ನಗಾಡ್ಕೊಂಡು ಒಯ್ತಾರೆ."

"ನಾಳೆ ನಿಮಗೇ ಇಲ್ದೆ ಹೋದ್ರೆ?"

"ಪ್ರಾರ್ಥನೆಲಿ ದಿನಾ ಊಟ ಕೇಳ್ತೀವಲ್ಲ, ನನಗೊಬ್ಬನಿಗೇ ಕೊಡು ಅಂತ ಕೇಳಲ್ಲ, ಎಲ್ಲರಿಗೂ ಕೇಳ್ತೀವಿ. ಕೇಳಿದ ಮೇಲೆ ಕೈ ಕಟ್ಕೊಂಡು ಕೂರೋಕಾಗುತ್ತಾ? ನಾಳೇದು ಯೇಸು ನೋಡ್ಕೋತಾನೆ."

ಅವಳ ಕಣ್ಣು ತುಂಬಿತು. "ನಾನು ನಿಮ್ಮನ್ನ ದ್ರೋಹಿ ಅಂದ್ಕೊಂಡುಬಿಟ್ಟೆ..."

"ಅದಕ್ಕೆ ಮುಂಚೆ ಏನಂದ್ಕೊಂಡಿದ್ರಿ? ಹೇಳ್ಲೇ ಇಲ್ಲ."

ಅವಳ ಕೆನ್ನೆ ಭಟ್ಟಿಗಿಂತ ಕೆಂಪಾಯಿತು.

"...ನಮ್ಮೋರು ಅಂತ."

ಈ ಕಥೆಯನ್ನು ಮೊನ್ನೆ ಆ ಗಂಡ-ಹೆಂಡಿರ ಬೇಕರಿಯಲ್ಲೇ ಕೂತು, ಬಂದವರಿಗೆಲ್ಲ ಕೊಚ್ಚುತ್ತಿದ್ದೆ. ಅವಳು ಸೊಂಟದ ಮೇಲೆ ಕೈಯಿಟ್ಟಳು.

"ಅಣ್ಣಾ, ಅವತ್ತು ನನಗೆ ಗಂಟಲೇ ಕಟ್ಟಿತ್ತು, ಕಿರುಚೋದೆಲ್ಲಿ ಬಂತು! ಅದಿರ್ಲಿ... ಆ ಸೊಟ್ಟ ಬ್ರೆಡ್ಡಿನ ರುಚಿ ನಿಮಗೆ ಹೇಗೆ ಗೊತ್ತು?"

ಸಿಕ್ಕಿಬಿದ್ದೆ! ಎಲ್ಲರೆದುರೇ ಒಪ್ಪಿಕೊಂಡೆ:

ಗಂಟೆಯನ್ನು ಬಾರಿಸಿದ್ದು ದಿನಾ ಬಾರಿಸುವವನೇ. ಕೋಳಿಮರಿಗಳೂ ಸುಳ್ಳು. ಯಾರ ಮುಂದೆಯೂ ಕೈಚಾಚಿಲ್ಲ ಎಂದದ್ದೂ... ಮುಚ್ಚಿದ ಆ ಕಾರ್ಖಾನೆ ನನಗೂ ಅನ್ನ ಕೊಡುತ್ತಿತ್ತು. ಆ ಬುಟ್ಟಿಗೆ ಕೈಹಾಕಿದವರಲ್ಲಿ ನಾನೂ ಒಬ್ಬ. ಅವನನ್ನು ಬೈದುಕೊಂಡು, ನಗಾಡಿಕೊಂಡೇ ಒಯ್ದೆ.

ಬೇಕರ್ ಬಿಸಿ ಬ್ರೆಡ್ಡೊಂದನ್ನು ನನ್ನತ್ತ ಸರಿಸಿದ.

"ತಗೊಳ್ಳಿ ಅಣ್ಣ, ಸ್ವಲ್ಪ ಸೊಟ್ಟ ಆಗ್ಬಿಟ್ಟಿದೆ."

"ಇದು ಇವರದಲ್ಲ, ನನ್ನ ಕೈತಪ್ಪು," ಎಂದಳು ಅವಳು, ಅವನ ಹಿಟ್ಟು ಮೆತ್ತಿದ ಕೈ ಹಿಡಿದುಕೊಂಡು.

"ನೀನೂ ಕಲಿತುಬಿಟ್ಟೆ ಕಣೇ!" ಎಂದು ಅವನು ನಕ್ಕ.