ಉಪ್ಪಿಲ್ಲದ ಗಂಜಿ

ಗೇರುಬೀಜ ಹೆಕ್ಕುವ ಕಾಲ. ಸಂಪಾಜೆಯ ಗುಡ್ಡೆಯಲ್ಲಿ ಬೆಳಗಿನಿಂದಲೇ ಬುಟ್ಟಿಗಳು ತುಂಬುತ್ತಿದ್ದವು. ಬಿಸಿಲೇರುವ ಹೊತ್ತಿಗೆ ಬೋಜಪ್ಪನ ಕೈ ನಡುಗಿತು. ವಾಂತಿಯಾಯಿತು. ನಾಲಗೆ ತೊದಲಿ, ಮರದ ಬುಡದಲ್ಲೇ ಕುಸಿದ.

ತಮ್ಮ ಅಚ್ಚುತ ಅಣ್ಣನನ್ನು ಲಾರಿ ಹತ್ತಿಸಿ ಪುತ್ತೂರಿಗೆ ಕಳಿಸಿದ. ತಾನು ಸುಳ್ಯ ಠಾಣೆಗೆ ಓಡಿದ.

“ಅತ್ತಿಗೆ ವಿಷ ಹಾಕಿದ್ದು ಸಾರ್. ತಲೆಯ ಮದ್ದು ಕೊಡುದು ಅವರೇ.”

*

ಸಬ್ ಇನ್‌ಸ್ಪೆಕ್ಟರ್ ಪದ್ಮಯ್ಯ ಬಂದಾಗ ಅಂಗಳದ ತುಂಬ ಜನ. ಬೋಜಪ್ಪನ ಹೆಂಡತಿ ಸೇವಂತಿಯನ್ನು ಅವರೆಲ್ಲ ಆಗಲೇ ಜೈಲಿಗೆ ಕಳಿಸಿಯಾಗಿತ್ತು, ಬಾಯಲ್ಲಿ.

ಹಿಂದೆ ಬೋಜಪ್ಪನಿಗೆ ನಿದ್ದೆಯಿರಲಿಲ್ಲ, ಮಾತು ನಿಲ್ಲುತ್ತಿರಲಿಲ್ಲ; ಕಂಡವರಿಗೆ ದನ ಬಿಟ್ಟುಕೊಡುತ್ತಿದ್ದ. ಲಿಥಿಯಂ ಎಂಬ ಮಾತ್ರೆ ಅವನನ್ನು ಮತ್ತೆ ಮನುಷ್ಯನನ್ನಾಗಿ ಮಾಡಿತ್ತು. ಪದ್ಮಯ್ಯ ಬಾಟ್ಲಿಯ ಮಾತ್ರೆ ಎಣಿಸಿ ನೋಡಿದರು. ಲೆಕ್ಕಕ್ಕಿಂತ ಹೆಚ್ಚು ಹೋಗಿರಲಿಲ್ಲ.

“ಬೆಳಿಗ್ಗೆ ಎಂತ ಉಂಡದ್ದು?”

“ಗಂಜಿ. ಅವರ ಪಾತ್ರೆಯಲ್ಲಿ ಇನ್ನೂ ಉಂಟು,” ಸೇವಂತಿ ತಲೆ ತಗ್ಗಿಸಿಯೇ ಹೇಳಿದಳು.

ಪದ್ಮಯ್ಯ ಒಂದು ಸೌಟು ಬಗ್ಗಿಸಿ ಕುಡಿದೇಬಿಟ್ಟರು.

“ಸಾರ್, ವಿಷ!” ಪೇದೆ ಬೆಚ್ಚಿದ.

“ವಿಷ ಅಲ್ಲ ಮಾರಾಯ, ಬರೀ ಸಪ್ಪೆ. ಉಪ್ಪು ಎಲ್ಲಿ ಅಮ್ಮ?”

“ಅವರಿಗೆ ಹತ್ತು ದಿನದಿಂದ ಪಥ್ಯ. ಮೈ ತುರಿಕೆಗೆ ಅಚ್ಚುತ ಆಲಂಕಾರಿನ ಪಂಡಿತರ ಕಷಾಯ ತಂದ. ಉಪ್ಪು ಮುಟ್ಟಿಸಬಾರದು ಅಂದ.”

ಪಥ್ಯವೆಂದರೆ ಆ ಕಡೆ ಯಾರೂ ಮರುಪ್ರಶ್ನೆ ಕೇಳುವುದಿಲ್ಲ. ಪದ್ಮಯ್ಯ ಬಾಯಿ ಒರೆಸಿಕೊಂಡರು.

“ಉಪ್ಪು ಹಾಕಿದ ಗಂಜಿ ನನಗೆ ಬಾಕಿ ಉಂಟು, ನೆನಪಿರಲಿ.”

*

ಪುತ್ತೂರಿನಲ್ಲಿ ಬೋಜಪ್ಪನಿಗೆ ಡ್ರಿಪ್ಸ್ ಏರಿತ್ತು. ಲಿಥಿಯಂ ಬರೆದುಕೊಟ್ಟಿದ್ದ ಡಾಕ್ಟರ್ ರಾಧಾಕೃಷ್ಣ ಹೇಳಿದರು: “ಸಣ್ಣ ಡೋಸೇ ಕೊಟ್ಟದ್ದು. ಕೈ ಸ್ವಲ್ಪ ನಡುಗುದು, ಬಾಯಾರಿಕೆ ಇದ್ದದ್ದೇ. ಆದರೆ ಉಪ್ಪು ಬಿಟ್ಟು ಬಿಸಿಲಲ್ಲಿ ಬೆವರಿದರೆ ಮದ್ದು ಮೈಯಿಂದ ಹೊರಗೆ ಹೋಗುದಿಲ್ಲ. ಒಳಗೇ ಸೇರಿ ವಿಷ ಆಗ್ತದೆ.”

“ಇದನ್ನು ಹೆಂಡತಿಗೆ ಹೇಳಿದ್ರಾ?”

“ಅವರನ್ನು ನಾನು ಕಂಡದ್ದೇ ಇಲ್ಲ. ಜೊತೆಗೆ ಬರುದು ತಮ್ಮ. ಅವನಿಗೆ ಪ್ರತಿಸಲ ಹೇಳಿದ್ದೇನೆ.”

ಜೀಪು ಆಲಂಕಾರಿಗೆ ತಿರುಗಿತು. ಪಂಡಿತ ಮಹಾಗಣಪತಿ ಭಟ್ಟರು ಸಿಡುಕಿದರು: “ಉಪ್ಪು ಬಿಡ್ಲಿಕ್ಕೆ ನಾನೆಲ್ಲಿ ಹೇಳಿದೆ ಮಾರಾಯ್ರೆ? ಬದನೆ, ಒಣಮೀನು ಎರಡೇ ಬಿಡ್ಲಿಕ್ಕೆ ಹೇಳಿದ್ದು!”

*

ಅದೇ ಅಂಗಳ, ಅದೇ ಜನ.

“ಪಥ್ಯ ಹೇಳುದು ತಪ್ಪಾ ಸಾರ್?” ಅಚ್ಚುತ ನಕ್ಕ.

“ಪಂಡಿತರು ಹೇಳದ ಪಥ್ಯ ಹುಟ್ಟಿಸುದು ತಪ್ಪು. ಉಪ್ಪು ನಿಂತರೆ ಎಂತ ಆಗ್ತದೆ ಅಂತ ಈ ಮನೆಯಲ್ಲಿ ಗೊತ್ತಿದ್ದವ ನೀನೊಬ್ಬನೇ. ಅಣ್ಣ ಕಾಯಿಲೆಯಲ್ಲಿದ್ದಾಗ ಯಜಮಾನ ನೀನು, ಭತ್ತದ ಪತ್ತಾಯದ ಬೀಗದ ಕೈ ನಿನ್ನ ಸೊಂಟದಲ್ಲಿತ್ತು. ಅವನು ಗುಣ ಆದ, ಬೀಗದ ಕೈ ಹೋಯ್ತು. ಅವನು ಸತ್ತು, ಇವರು ಜೈಲು ಸೇರಿದರೆ ಕೈ ಪುನಃ ಯಾರಿಗೆ?”

ಅಚ್ಚುತನ ನಗು ಇಳಿಯಿತು. ಪೇದೆ ಅವನ ರಟ್ಟೆ ಹಿಡಿದ. ಬಾಯಲ್ಲಿ ಜೈಲಿಗೆ ಕಳಿಸಿದವರೆಲ್ಲ ಅಂಗಳದ ಅಂಚಿಗೆ ಸರಿಯತೊಡಗಿದರು. ಸೇವಂತಿ ಮೊದಲ ಬಾರಿ ತಲೆಯೆತ್ತಿ, ಒಬ್ಬೊಬ್ಬರ ಮುಖವನ್ನೂ ನೋಡಿದಳು.

*

ಮಳೆಗೆ ಮೊದಲೇ ಬೋಜಪ್ಪ ನೆಟ್ಟಗೆ ನಡೆಯುತ್ತ ಮನೆಗೆ ಬಂದ. ಡಾಕ್ಟರರ ಮಾತ್ರೆಯೂ ಶುರುವಾಯಿತು, ಉಪ್ಪೂ.

ಆ ದಾರಿಯಲ್ಲಿ ಹೊರಟಿದ್ದ ಪದ್ಮಯ್ಯನವರನ್ನು ಸೇವಂತಿ ಕರೆದು ಕೂರಿಸಿದಳು. ಹಬೆಯಾಡುವ ಗಂಜಿ, ಉಪ್ಪಿನಲ್ಲಿ ಹಾಕಿದ ಮಾವಿನಕಾಯಿ.

“ನಿಮ್ಮ ಬಾಕಿ, ಸಾರ್.”

ಬಟ್ಟಲು ಬರಿದಾಯಿತು. ಬೋಜಪ್ಪ ಜಗಲಿಯಿಂದಲೇ ಕೂಗಿದ: “ಬಡ್ಡಿಗೆ ಇನ್ನೊಂದು ಸೌಟು ಹಾಕು ಮಾರಾಯ್ತಿ!”