ಯಾಳಿಯ ದವಡೆಯಲ್ಲಿದ್ದ ಅಪ್ಪಣೆ

ಬಹಳ ಹಿಂದೆ, ಭೂಮಿ ಮೇಲೆ ಜಾಗ ಸಾಲ್ದೆ ರಾಜರೆಲ್ಲ ಕಿತ್ತಾಡ್ಕೊಂಡಿದ್ದ ಕಾಲದಲ್ಲಿ, ಒಬ್ಬ ಜಾಣ ರಾಜ ಈ ರಗಳೆನೇ ಬೇಡಪ್ಪ ಅಂತ ಮೋಡದ ಮೇಲೆ ರಾಜ್ಯ ಕಟ್ಕೊಂಡಿದ್ದ. ಅದರ ಹೆಸರು ಮೇಘಾವತಿ. ಅಲ್ಲಿ ಹಸು ಕಟ್ಟಿದ್ರೆ ಗೂಟ ಕೆಳಗೆ ಜಾರೋದು, ಬಟ್ಟೆ ಒಣಗೋಕೆ ಹಾಕಿದ್ರೆ ಇನ್ನಷ್ಟು ಒದ್ದೆ ಆಗೋದು. ಆದ್ರೂ ಜನ ಜಂಬದಿಂದ ಬದುಕ್ತಿದ್ರು.

ಆ ಅರಮನೆ ಮೊಗಸಾಲೆಯಲ್ಲಿ ಮೂರು ಬಾಗ್ಲು. ಒಂದು ತಣ್ಣೀರ ಬಾವಿಗೆ, ಇನ್ನೊಂದು ಮದ್ದಿನ ಮನೆಗೆ, ಮತ್ತೊಂದು ನಂದಾದೀಪದ ಮನೆಗೆ. ಮೂರಕ್ಕೂ ಸೇರಿ ಒಂದೇ ಕಾವಲು: ಯಾಳಿ. ದೇವಸ್ಥಾನದ ಕಂಬದಲ್ಲಿ ಕಲ್ಲಾಗಿ ನಿಂತಿರುತ್ತಲ್ಲ, ಸಿಂಹದ ಮೈ, ಆನೆ ಸೊಂಡ್ಲು, ಅದೇ ಜಾತಿ. ಇದಕ್ಕೆ ಜೀವ ಇತ್ತು, ಜೊತೆಗೆ ವಿಪರೀತ ಸಿಡುಕು. ಯಾರಾದ್ರೂ ಬಾಗ್ಲ ಮುಂದೆ ನಿಂತ್ರೆ ಮೂಸಿ ನೋಡೋದು, ಆಮೇಲೆ ಏದುಸಿರು ಬಿಡ್ತಾ ಗೋಪುರ ಹತ್ತಿ, ಯಾರಿಗೆ ಯಾವ ಬಾಗ್ಲು ಅಂತ ಲೆಕ್ಕ ಇಟ್ಕೊಂಡು ಮೇಲೆ ಕೂತಿದ್ದ ಅಪ್ಪಣೆಯಮ್ಮನ್ನ ಕೇಳ್ಕೊಂಡು ಬರೋದು. ಅಪ್ಪಣೆಯಮ್ಮ ಹೂಂ ಅಂದ್ರೆ ಹೂಂ, ಊಹೂಂ ಅಂದ್ರೆ ಊಹೂಂ. ಅವಳು ಯಾವತ್ತೂ ತಪ್ಪು ಹೇಳಿದ್ದಿಲ್ಲ.

ಅಡುಗೆಯವರಿಗೆ ಬಾವಿ ಬಾಗ್ಲು, ವೈದ್ಯರಿಗೆ ಮದ್ದಿನ ಬಾಗ್ಲು, ದೀಪದವರಿಗೆ ದೀಪದ ಬಾಗ್ಲು. ಒಬ್ಬೊಬ್ಬರಿಗೆ ಒಂದೊಂದೇ. ಮೂರಕ್ಕೂ ಅಪ್ಪಣೆ ಇದ್ದಿದ್ದು ರಾಜವಂಶದವರಿಗೆ ಮಾತ್ರ. ಆದ್ರೆ ರಾಜವಂಶದವರು ಯಾವತ್ತಾದ್ರೂ ತಮ್ಮ ನೀರು ತಾವೇ ಸೇದ್ಕೊಂಡಿದ್ದುಂಟಾ?

ಹೀಗಿರೋವಾಗ ರಾಣಿಗೆ ಒಂದು ವಿಚಿತ್ರ ಕಾಯಿಲೆ ಬಂತು. ಕಾಲ್ಬೆರಳಿಂದ ಶುರುವಾಗಿ ಮೈಯೆಲ್ಲ ಮಂಜಾಗ್ತಾ ಬಂತು. ಮುಟ್ಟೋಕೆ ಹೋದ್ರೆ ಕೈ ಆಚೆ ಹೋಗ್ಬಿಡೋದು. ವೈದ್ಯರು ನೋಡಿದ್ರು, ತಲೆ ಕೆರ್ಕೊಂಡ್ರು, ಕೊನೆಗೆ ಹೇಳಿದ್ರು: “ಇದು ಮಾಟ. ತಣ್ಣೀರ ಬಾವಿ ನೀರು, ಮದ್ದಿನ ಮನೆ ಬೇರು, ನಂದಾದೀಪದ ಬೆಂಕಿ. ಮೂರನ್ನೂ ಹೆತ್ತ ಮಗಳೇ ತನ್ನ ಕೈಯಾರೆ ತಂದು ಕಷಾಯ ಕಾಸಬೇಕು. ಅದೂ ಒಂದೇ ದಿನ, ಹೊತ್ತು ಮುಳುಗೋದ್ರೊಳಗೆ. ಇಲ್ಲಾಂದ್ರೆ ತಂದಿದ್ದೆಲ್ಲ ಆವಿಯಾಗುತ್ತೆ. ಮಂಜು ಬಾಯಿಗೆ ಬಂದ್ರೆ ಕಷಾಯ ಕುಡಿಯೋಕೂ ಆಗಲ್ಲ.”

ರಾಜಕುಮಾರಿ ಚಂದಲೆ ಸೆರಗು ಸಿಕ್ಕಿಸ್ಕೊಂಡು ಎದ್ಲು. “ಇಷ್ಟೇನಾ?” ಅಂದ್ಲು. ಇಷ್ಟೇ ಆಗಿದ್ರೆ ಕತೆನೇ ಇರ್ತಿರಲಿಲ್ಲ ಬಿಡಿ.

ಮೊದಲ್ನೇ ದಿನ ಚಂದಲೆ ಬಾವಿ ಬಾಗ್ಲಿಗೆ ಹೋದ್ಲು. ಯಾಳಿ ಮೂಸಿತು, ಗೋಪುರ ಹತ್ತಿತು, ಇಳೀತು, ಬಾಗ್ಲು ತೆಗೀತು. ನೀರು ತುಂಬ್ಕೊಂಡು ಮದ್ದಿನ ಮನೆ ಮುಂದೆ ನಿಂತ್ಲು. ಯಾಳಿ ಮೂಸಿತು. ಕಣ್ಣು ಕೆಂಪಗೆ ಮಾಡ್ಕೊಂಡು ಗುಡುಗ್ತು: “ಈ ಬಾಗ್ಲಿಗೆ ನಿಂಗೆ ಅಪ್ಪಣೆ ಇಲ್ಲ. ನಡಿ!”

ಆ ಗುಡುಗು ಅರಮನೆಗೆಲ್ಲ ಕೇಳಿಸ್ತು. ರಾಜನ ಮಗಳಿಗೇ ಬಾಗ್ಲು ತೆಗೀಲಿಲ್ವಂತೆ ಅನ್ನೋ ಗುಸುಗುಸು ಊಟದ ಹೊತ್ತಿಗೆ ಊರು ಸುತ್ತಿ ಬಂತು. ಸಂಜೆಗೆ ನೀರು ಬಿಂದಿಗೆಯಿಂದ ಹೊಗೆ ಥರ ಎದ್ದು ಹೋಯ್ತು.

ರಾಣಿಯ ತಮ್ಮ, ಅಂದ್ರೆ ಚಂದಲೆಯ ಸೋದರಮಾವ ಬೊಪ್ಪರಸ, ದಂಡನಾಯಕ. ಮೊದಲೇ ಅನುಮಾನದ ಪ್ರಾಣಿ. ತನ್ನ ನೆರಳು ತನಗಿಂತ ಮುಂದೆ ಹೋದ್ರೆ ನಿಂತು ವಿಚಾರಿಸೋ ಆಸಾಮಿ. ಅವನು ಚಂದಲೆನ ಕಂಬಕ್ಕೊತ್ತಿ ನಿಲ್ಲಿಸಿದ.

“ಅಪ್ಪಣೆಯಮ್ಮ ತಪ್ಪು ಹೇಳಲ್ಲ. ಅಂದ್ಮೇಲೆ ನೀನು ನನ್ ಸೊಸೆ ಅಲ್ಲ. ಅವಳ ರೂಪದಲ್ಲಿ ಬಂದಿರೋ ಮಾಯಾವಿ.”

“ಮಾವಯ್ಯ, ತಲೆ ನೆಟ್ಟಗಿದೆಯಾ?”

“ಹಾಗಾದ್ರೆ ಹೇಳು. ಚಂದಲೆ ಚಿಕ್ಕೋಳಿದ್ದಾಗ ಮರದಿಂದ ಬಿದ್ದಿದ್ಲಲ್ಲ, ಯಾವ ಮರ?”

“ಮೋಡದ ಮೇಲೆ ಮರ ಎಲ್ಲಿಂದ ಬಂತು? ನಾನು ಬಿದ್ದಿದ್ದು ನಿಮ್ಮ ಹೆಗಲ ಮೇಲಿಂದ. ನೀವು ಸೀನಿದ್ರಿ.”

ಬೊಪ್ಪರಸ ಮೀಸೆ ತಿರುವಿದ. “ಹ್ಞೂಂ. ಮಾಯಾವಿ ಅದನ್ನೂ ತಿಳ್ಕೊಂಡಿರಬಹುದು.”

ಎರಡ್ನೇ ದಿನ ಚಂದಲೆ ಉಪಾಯ ಮಾಡಿದ್ಲು. ನಿನ್ನೆ ಕೈ ಕೊಟ್ಟಿದ್ದು ಮದ್ದಿನ ಬಾಗ್ಲು ತಾನೆ, ಮೊದ್ಲು ಅಲ್ಲಿಗೇ ಹೋಗೋಣ ಅಂತ. ಯಾಳಿ ಮೂಸಿತು, ಹತ್ತಿತು, ಇಳೀತು, ಮದ್ದಿನ ಬಾಗ್ಲು ಸಲೀಸಾಗಿ ತೆಗೀತು! ಬೇರು ಮಡಿಲಿಗೆ ಹಾಕ್ಕೊಂಡು ಬಾವಿ ಕಡೆ ಬಂದ್ಲು. ನಿನ್ನೆ ತಾನೇ ಹೋಗಿ ಬಂದ ಬಾಗ್ಲು.

“ಈ ಬಾಗ್ಲಿಗೆ ನಿಂಗೆ ಅಪ್ಪಣೆ ಇಲ್ಲ. ನಡಿ!”

ಚಂದಲೆಗೆ ಈಗ ಎಲ್ಲರ ಮೇಲೂ ಅನುಮಾನ. ಮಾವನೇ ಗದ್ದುಗೆ ಆಸೆಗೆ ಯಾಳಿಗೆ ಏನೋ ತಿನ್ನಿಸಿದ್ದಾನಾ? ವೈದ್ಯರು ಬೇಕು ಅಂತ್ಲೇ ಆಗದಿರೋ ಔಷಧಿ ಹೇಳಿದ್ರಾ? ಊಟ ತಂದವಳು ಯಾಕೆ ನಗ್ತಾ ಇದ್ಲು? ಕೊನೆಗೆ ಕನ್ನಡಿ ಮುಂದೆ ನಿಂತು ಕತ್ತಿನ ಮೇಲಿನ ಮಚ್ಚೆ ಇದೆಯಾ ಅಂತ ನೋಡ್ಕೊಂಡ್ಲು. ಇತ್ತು. ಆದ್ರೂ ಸಮಾಧಾನ ಆಗ್ಲಿಲ್ಲ. ಒಂದು ಬಾಗ್ಲಲ್ಲಿ ನಿಜ, ಇನ್ನೊಂದು ಬಾಗ್ಲಲ್ಲಿ ಸುಳ್ಳು, ಅದೆಂಥ ಮನುಷ್ಯಳು ತಾನು?

ಮೂರ್ನೇ ದಿನ ಬೆಳಗಾಗೋ ಹೊತ್ತಿಗೆ ಮಂಜು ರಾಣಿಯ ಕತ್ತು ದಾಟಿತ್ತು. ದಿಂಬಿನ ಮೇಲೆ ಮುಖ ಒಂದೇ ಉಳಿದಿತ್ತು. ಆ ಮುಖ ಮೆಲ್ಲಗೆ “ಚಂದೂ” ಅಂತು. ಚಂದಲೆ ಅಲ್ಲಿ ಅಳ್ಲಿಲ್ಲ, ಹೊರಗೆ ಬಂದು ಅತ್ಲು.

ಬೊಪ್ಪರಸ ಕತ್ತಿ ಹಿಡ್ಕೊಂಡು ಹಿಂದೆನೇ ಬಂದ. “ಇವತ್ತೂ ಬಾಗ್ಲು ತೆಗೀಲಿಲ್ಲ ಅಂದ್ರೆ, ನೀನು ಯಾರೇ ಆಗಿರು, ಮೋಡದ ಅಂಚಿಂದ ಕೆಳಗೆ ತಳ್ತೀನಿ.”

ಚಂದಲೆ ದೀಪದ ಮನೆಗೆ ಹೋದ್ಲು. ಯಾಳಿ ಹತ್ತಿತು, ಇಳೀತು, ತೆಗೀತು. ಅವಳು ಹಣತೆಗೆ ಬೆಂಕಿ ತಗೊಂಡು ಬಾವಿ ಮುಂದೆ ನಿಂತ್ಲು. ಯಾಳಿ ಮೂಸಿತು.

“ಈ ಬಾಗ್ಲಿಗೆ ನಿಂಗೆ ಅಪ್ಪಣೆ ಇಲ್ಲ. ನಡಿ!”

ಬೊಪ್ಪರಸ ಅವಳ ರಟ್ಟೆ ಹಿಡಿದು ಎಳೆದ. ಹಣತೆ ಬಿದ್ದು ಆರಿ ಹೋಯ್ತು. ಮೊಗಸಾಲೆ ಉದ್ದಕ್ಕೂ ಎಳೆದ್ಕೊಂಡು ಹೋಗೋವಾಗ ಚಂದಲೆ ತಿರುಗಿ ಯಾಳಿನ ನೋಡಿದ್ಲು. ಅದು ಆರಾಮಾಗಿ ಕೂತಿತ್ತು. ಏದುಸಿರಿಲ್ಲ, ಬೆವರಿಲ್ಲ.

“ಮಾವಯ್ಯ, ತಡೀರಿ! ಅದು ಹತ್ತಲೇ ಇಲ್ಲ!”

“ಏನು ಹತ್ತಲಿಲ್ಲ?”

“ಗೋಪುರ! ಮೊದಲ್ನೇ ಬಾಗ್ಲಿಗೆ ಹತ್ತಿ ಇಳೀತು, ಏದುಸಿರು ಬಿಡ್ತಿತ್ತು. ಎರಡ್ನೇ ಬಾಗ್ಲಿಗೆ ಕೂತಲ್ಲೇ ಇಲ್ಲ ಅಂತು. ಮೂರು ದಿನಾನೂ ಹಾಗೇ. ಅಪ್ಪಣೆಯಮ್ಮ ಇಲ್ಲ ಅಂದಿದ್ದು ಯಾವಾಗ? ಕೇಳೋಕೆ ಹೋದವರು ಯಾರು?”

ಬೊಪ್ಪರಸನಿಗೆ ಯಾಳಿ ಮೇಲೂ ಅನುಮಾನ ಹುಟ್ತು. ಅನುಮಾನ ಪಡೋ ವಿಷಯದಲ್ಲಿ ಅವನು ಯಾರಿಗೂ ಭೇದ ಮಾಡ್ತಿರಲಿಲ್ಲ. ರಟ್ಟೆ ಬಿಡದೆ ವಾಪಸ್ ಕರ್ಕೊಂಡು ಬಂದ.

“ಯಾಳಪ್ಪ, ಈಗ ನೀನು ಮೇಲೆ ಹೋಗಿ ಕೇಳಿದ್ಯಾ?” ಅಂದ್ಲು ಚಂದಲೆ.

“ಯಾಕೆ ಕೇಳ್ಬೇಕು?” ಯಾಳಿ ಬಾಯಿ ಓರೆ ಮಾಡ್ತು. “ಬೆಳಗ್ಗೆ ಕೇಳಿದೀನಲ್ಲ. ಆ ಗೋಪುರದ ಮೆಟ್ಲು ನೀನು ಹತ್ತಿದೀಯಾ? ನನ್ನ ಮಂಡಿ ನೋಡು. ಒಂದ್ಸಲ ತಂದ ಉತ್ತರನ ಎಲೆ ಅಡಿಕೆ ಥರ ದವಡೆಗೆ ಒತ್ತರಿಸ್ಕೋತೀನಿ. ಆ ವಾಸನೆಯವರು ಮತ್ತೆ ಬಂದ್ರೆ ಅದನ್ನೇ ಹೇಳ್ತೀನಿ. ಒಂದು ದಿನ ರಸ ಇರುತ್ತೆ, ಬೆಳಗ್ಗೆ ಉಗೀತೀನಿ.”

“ನನ್ನ ವಾಸನೆಗೆ ಏನು ಒತ್ತರಿಸ್ಕೊಂಡಿದೀಯ?”

“ದೀಪದ ಬಾಗ್ಲಿಗೆ ಹೂಂ.”

“ಬಾವಿಗೆ?”

“ದೀಪದ್ದು ಅಂತ ಇದೆ, ಬಾವಿದು ಅಂತ ಇಲ್ಲ. ಇಲ್ಲ ಅಂದ್ರೆ ಇಲ್ಲ.”

“ಬಾವಿದು ಇಲ್ಲದಿರೋದು ನೀನು ಕೇಳದೇ ಇದ್ದಿದ್ದಕ್ಕೆ ಕಣೋ, ಮಂಕೇ!”

ಯಾಳಿ ಕಣ್ಣು ಪಿಳಿಪಿಳಿ ಬಿಡ್ತು. “ಬೇರೆಯವರ್ಯಾರೂ ತಕರಾರು ಮಾಡಿಲ್ಲಪ್ಪ. ಅಡುಗೆಯವರು ಬಾವಿಗೇ ಬರ್ತಾರೆ, ವೈದ್ಯರು ಮದ್ದಿಗೇ ಬರ್ತಾರೆ. ಮಸಣಯ್ಯನವರೂ ದಿನಾ ದೀಪದ ಮನೆಗೇ ಬರ್ತಾರೆ.”

ಬೊಪ್ಪರಸನ ಕೈ ಚಂದಲೆ ರಟ್ಟೆಯಿಂದ ಜಾರ್ತು.

ಮಸಣಯ್ಯ ಮೊದಲು ದೀಪದ ಮನೆ ನೋಡ್ಕೊಳ್ತಿದ್ದವನು. ದೀಪದಲ್ಲಿ ಮಾಟ ಮಾಡ್ತಾನೆ ಅಂತ ಹೋದ ಮಳೆಗಾಲದಲ್ಲೇ ರಾಣಿ ಡಂಗುರ ಸಾರಿಸಿ ಗಡೀಪಾರು ಮಾಡಿದ್ಲು. ದೀಪದ ಮನೆಯಿಂದ ರಾಣಿ ಮಲಗೋ ಕೋಣೆಗೆ ಒಂದು ಕಿಟಕಿ ಬೇರೆ ಇತ್ತು.

“ಯಾರು ಅಂದೆ?” ಬೊಪ್ಪರಸನ ದನಿ ಸಣ್ಣಗಾಗಿತ್ತು.

“ಮಸಣಯ್ಯನವರು. ಮಂಜಿನ ಕಂಬಳಿ ಹೊದ್ಕೊಂಡು ಬರ್ತಾರೆ, ಕಣ್ಣಿಗೆ ಕಾಣಲ್ಲ, ನಂಗೆ ವಾಸನೆ ಸಾಕು. ದೊಡ್ಡ ಮನುಷ್ಯರು. ಬಂದಾಗೆಲ್ಲ ಬೆರಳಲ್ಲಿ ಸುಣ್ಣ ತಂದು ಅವರ ಹೂಂಗೆ ಹಚ್ತಾರೆ. ಅದಕ್ಕೇ ಅವರದ್ದು ರಸ ಬತ್ತೋದೇ ಇಲ್ಲ, ಉಗಿಯೋದೂ ಇಲ್ಲ. ನೀವಿಬ್ರೂ ಈಗ ಕಿತ್ತಾಡ್ತಿದ್ರಲ್ಲ, ಆಗ ಒಳಗೆ ಹೋದ್ರು.”

“ಉಗೀ!” ಅಂತ ಕೂಗಿದ್ಲು ಚಂದಲೆ.

“ರಸ ಇರೋವಾಗ ಉಗಿಯೋ ಪದ್ಧತಿ ಇಲ್ಲ.”

ಮಗು ಗೋಲಿ ನುಂಗೋಕೆ ಹೋದ್ರೆ ಅಜ್ಜಿಯರು ಬಾಯಿಗೆ ಬೆರಳು ಹಾಕ್ತಾರಲ್ಲ, ಹಾಗೆ ಚಂದಲೆ ಯಾಳಿ ಬಾಯಿಗೆ ಹೆಗಲ ತನಕ ಕೈ ಹಾಕಿದ್ಲು. ಕೋರೆ ಹಲ್ಲು ತೋಳನ್ನ ಗೀರ್ತು. ಒಂದ್ಸಲ ಕಚ್ಚಿದ್ರೆ ಕೈ ಅಲ್ಲೇ. ಯಾಳಿ ಗಾಬರಿಯಾಗಿ ಕಚ್ಚೋದನ್ನೇ ಮರೀತು. ದವಡೆಯಲ್ಲಿದ್ದಿದ್ದನ್ನೆಲ್ಲ ಅವಳು ಗೋರಿ ನೆಲಕ್ಕೆ ಹಾಕಿದ್ಲು. ಅಡುಗೆಯವರದ್ದು, ವೈದ್ಯರದ್ದು, ತನ್ನದು, ಸುಣ್ಣದಲ್ಲಿ ಬೆಳ್ಳಗಾಗಿದ್ದ ಮಸಣಯ್ಯನದ್ದು.

“ಈಗ ಹೋಗು. ಬಾವಿಗೆ ಬಿಡ್ಲಾ, ದೀಪಕ್ಕೆ ಬಿಡ್ಲಾ ಅಂತ ಕೇಳ್ಬೇಡ. ಚಂದಲೆಗೆ ಯಾವ್ಯಾವ ಬಾಗ್ಲಿಗೆ ಅಪ್ಪಣೆ ಇದೆ, ಎಲ್ಲಾ ಹೇಳಿ ಅಂತ ಕೇಳು.”

ಬೊಪ್ಪರಸ ಕಿಟಕಿ ಕಾಯೋಕೆ ರಾಣಿ ಕೋಣೆಗೆ ಓಡಿದ. ಯಾಳಿ ಮಂಡಿ ಹಿಡ್ಕೊಂಡು ಹತ್ತಿತು, ಶಾಪ ಹಾಕ್ತಾ ಇಳೀತು. ಈ ಸಲ ದವಡೆ ದಪ್ಪಗೆ ಉಬ್ಬಿತ್ತು. “ಮೂರಕ್ಕೂ ಹೂಂ” ಅಂತು.

ಬಾವಿ ಬಾಗ್ಲು ತೆಗೀತು. ಮದ್ದಿನ ಬಾಗ್ಲು ತೆಗೀತು. ದೀಪದ ಬಾಗ್ಲು ತೆಗೀತು. ಹೊತ್ತು ಇಳೀತಾ ಇತ್ತು. ಚಂದಲೆ ದೀಪಕ್ಕೆ ಬತ್ತಿ ಹಿಡಿದಾಗ ಪಕ್ಕದಲ್ಲೇ ಯಾರೋ ಉಸಿರು ಬಿಟ್ಟಂಗಾಯ್ತು. ತಿರುಗಿದ್ರೆ ಯಾರೂ ಇಲ್ಲ. ಬತ್ತಿ ಬಿಗಿಯಾಗಿ ಹಿಡ್ಕೊಂಡ್ಲು. ಹೊರಗೆ ಕಾಲಿಟ್ಲು. ಹಿಂದೆನೇ ಒಂದು ತಣ್ಣನೆ ಗಾಳಿ ನುಸುಳೋಕೆ ಹೋಯ್ತು. ಯಾಳಿ ಸೊಂಡ್ಲು ಅಡ್ಡ ಹಾಕಿ ಹಿಡೀತು.

“ಬಿಡಯ್ಯಾ, ನಾನು ಕಣೋ!” ಅಂತು ಗಾಳಿ. “ತಗೋ ಸುಣ್ಣ!”

“ಹಚ್ಚೋಕೆ ನಿಮ್ಮದು ಏನೂ ಇಲ್ಲವಲ್ಲ ಬುದ್ಧಿ. ಇರಿ, ಕೇಳ್ಕೊಂಡು ಬರ್ತೀನಿ.” ಯಾಳಿ ಅವನನ್ನ ತಲೆಕೆಳಗೆ ನೇತಾಡಿಸ್ಕೊಂಡೇ ಗೋಪುರ ಹತ್ತಿತು, ಇಳೀತು. ದಾರಿಲಿ ಕಂಬಳಿ ಬಿದ್ದು ಹೋಗಿ ಮಸಣಯ್ಯನ ಬೊಜ್ಜು ಹೊಟ್ಟೆ ಎಲ್ಲರಿಗೂ ಕಂಡ್ತು. “ಊಹೂಂ. ಹೋದ ಮಳೆಗಾಲದಿಂದ್ಲೇ ಊಹೂಂ ಅಂತೆ. ಮೊದ್ಲೇ ಯಾಕೆ ಕೇಳ್ಲಿಲ್ಲ ಅಂತ ನನಗೇ ಬೈಗುಳ.”

ಕಷಾಯ ಕುದೀತು. ಸೂರ್ಯ ಮೋಡದ ಅಂಚು ಮುಟ್ಟೋ ಮೊದ್ಲು ಚಂದಲೆ ಅದನ್ನ ಅಮ್ಮನ ಬಾಯಿಗೆ ಹಿಡಿದ್ಲು. ಕತ್ತು ಬಂತು, ಭುಜ ಬಂತು, ಕೈ ಬಂದು ಮಗಳ ಕೆನ್ನೆ ಸವರ್ತು, ಕಡೆಗೆ ಕಾಲೂ ಬಂತು. ಬೊಪ್ಪರಸ ಕಿಟಕಿ ಹತ್ರ ನಿಂತು ಗೋಡೆ ಕಡೆ ಮುಖ ಮಾಡ್ಕೊಂಡು ಮೂಗು ಒರೆಸ್ಕೊಂಡ. “ಚಂದೂ, ನನ್ನದು ತಪ್ಪಾಯ್ತಮ್ಮ” ಅಂದ.

“ಪರವಾಗಿಲ್ಲ ಮಾವಯ್ಯ. ನಾನೂ ನಿಮ್ಮ ಮೇಲೆ ಅನುಮಾನ ಪಟ್ಟಿದ್ದೆ.”

“ನನ್ ಮೇಲಾ? ಯಾಕೆ? ಏನ್ ಮಾಡಿದ್ದೆ ನಾನು?”

ರಾಣಿ ಎದ್ದು ಎರಡು ಹೆಜ್ಜೆ ನಡೆದು ನೋಡಿದ್ಲು. ಆಮೇಲೆ ನೆಟ್ಟಗೆ ಮೊಗಸಾಲೆಗೆ ಬಂದು, ಯಾಳಿ ಸೊಂಡ್ಲಲ್ಲಿ ಒದ್ದಾಡ್ತಿದ್ದ ಮಸಣಯ್ಯನನ್ನ ಮೋಡದ ಅಂಚಿಗೆ ತರಿಸಿದ್ಲು.

“ಕಾಲು ಸರಿಯಾಗಿ ವಾಪಸ್ ಬಂದಿದೆಯಾ ನೋಡೋಣ” ಅಂತ ಹೇಳಿ ಜಾಡಿಸಿ ಒದ್ಲು.

ಸರಿಯಾಗೇ ಬಂದಿತ್ತು. ಮೇಘಾವತಿಯಲ್ಲಿ ಇವತ್ತಿಗೂ ಎಲ್ಲರೂ ಸುಖವಾಗಿದ್ದಾರೆ. ನಂಬಿಕೆ ಬರದಿದ್ರೆ ಹೋಗಿ ಬಾಗ್ಲು ತಟ್ಟಿ. ಸ್ವಲ್ಪ ಹೊತ್ತು ಕಾಯ್ಬೇಕಾಗುತ್ತೆ ಅಷ್ಟೇ, ಯಾಳಿ ಮೇಲೆ ಹೋಗಿರುತ್ತೆ.