ಚಾಸಿಗೆ ಕಟ್ಟಿದ ಕೀಲಿ

ಅಕ್ಟೋಬರ್ ಕೊನೆಯ ಸೋಮವಾರ. ಬೆಳಿಗ್ಗೆ ಏಳೂವರೆಗೆ ಪೋರ್ಟ್ ಆಗಸ್ಟಾ ಪೊಲೀಸ್ ಠಾಣೆಯ ಬಾಗಿಲು ತೆಗೆಯುವ ಮೊದಲೇ ಹೊರಗೆ ಇಬ್ಬರು ಕಾದು ನಿಂತಿದ್ದರು. ಒಬ್ಬ ಊರಿನ ಹಲ್ಲಿನ ಡಾಕ್ಟರ್ ಗಾರ್ತ್ ಪೊಮೆರಾಯ್. ಇನ್ನೊಬ್ಬ, ಊರಾಚೆ ಹೆದ್ದಾರಿ ಪಕ್ಕದಲ್ಲಿ ಮರುಭೂಮಿ ಪ್ರವಾಸಕ್ಕೆ ಗಾಡಿ ಸಜ್ಜು ಮಾಡಿಕೊಡುವ ವರ್ಕ್‌ಶಾಪಿನ ಯಜಮಾನ ರೆಕ್ಸ್ ಟ್ರಿಗ್. ಶನಿವಾರ ಸಂಜೆಯಿಂದ ಸೋಮವಾರ ಬೆಳಗಿನೊಳಗೆ ವರ್ಕ್‌ಶಾಪಿನ ಅಂಗಳದಲ್ಲಿ ತೊಳೆದು ಸಜ್ಜು ಮಾಡಲು ಬಿಟ್ಟಿದ್ದ ಡಾಕ್ಟರ ಫೋರ್ ವೀಲ್ ಡ್ರೈವ್ ಗಾಡಿ ಕಳುವಾಗಿದೆ ಎಂದು ದೂರು.

ಸಾರ್ಜೆಂಟ್ ಆಲ್ಡನ್ ಹ್ಯಾರೋವರ್ ದೂರು ನಮೂದಿಸಿಕೊಂಡ. ಕುರ್ಚಿಯಲ್ಲಿ ಒಂದು ಗಳಿಗೆ ನೆಟ್ಟಗೆ ಕೂರದ ಮನುಷ್ಯ ಅವನು. ಬರೆಯುವಾಗಲೂ ಮೇಜಿನ ಕೆಳಗೆ ಕಾಲು ಕುಣಿಯುತ್ತಿತ್ತು. ಡಾಕ್ಟರ್ ಮಾತ್ರ ನಿಧಾನವಾಗಿ, ಸತ್ತವರ ಗುಣಗಾನ ಮಾಡುವಂತೆ, ಗಾಡಿಯ ಮೇಲಿದ್ದುದನ್ನೆಲ್ಲ ಒಂದೊಂದಾಗಿ ಹೇಳಿದ. ಚಾವಣಿಯ ಮೇಲೆ ಮಡಚುವ ಡೇರೆ, ಹಿಂದೆ ಸಾಮಾನಿನ ಡ್ರಾಯರುಗಳು, ಎರಡು ಬ್ಯಾಟರಿ, ಎರಡು ಫ್ರಿಜ್, ಬಿಸಿಲಿನಿಂದ ಕರೆಂಟು ಮಾಡುವ ಹಲಗೆ, ಹೊರಗೆ ಕೂತು ನೋಡಲು ಟಿವಿ, ಗಾಡಿಯಡಿಯಲ್ಲಿ ತೊಂಬತ್ತು ಲೀಟರಿನ ಕುಡಿಯುವ ನೀರಿನ ಟ್ಯಾಂಕು. ಊರಿನವರೇ ಆದ ಮರ್ವಿನ್ ಆಮರಿ ಎಂಬವರು ಹನ್ನೆರಡು ವರ್ಷ ಕೂತು ಕಟ್ಟಿದ ಗಾಡಿ, ತಾನು ಈ ತಿಂಗಳಷ್ಟೇ ಕೊಂಡದ್ದು, ಮುಂದಿನ ಚಳಿಗಾಲದಲ್ಲಿ ಹೊರಡುವ ಯೋಚನೆಯಿತ್ತು ಎಂದ. ಬಿಡಿಭಾಗ ಮಾರುವವರ ಕೆಲಸವೇ ಇರಬೇಕು ಎಂದು ಹ್ಯಾರೋವರ್ ಅಂದುಕೊಂಡ. ಅಡಿಲೇಡಿನಲ್ಲಿ ಇಷ್ಟರಲ್ಲಿ ಅದನ್ನು ಬಿಚ್ಚಿ ಮೂರು ಪಾಲು ಮಾಡಿರುತ್ತಾರೆ ಎಂದೂ ಅನ್ನಿಸಿತು. ಅದನ್ನು ಬಾಯಿಬಿಟ್ಟು ಹೇಳುವಷ್ಟು ಕಲ್ಲುಮನಸ್ಸು ಅವನದಲ್ಲ.

ಎಂಟು ಗಂಟೆಗೆ ಕಾನ್‌ಸ್ಟೆಬಲ್ ಮಿರೆಲ್ಲಾ ಟಸೋನಿಯನ್ನು ಕರೆದುಕೊಂಡು ವರ್ಕ್‌ಶಾಪಿಗೆ ಹೋಗಿ ಸ್ಥಳ ಮಹಜರು ನಡೆಸಿದ. ಗೇಟಿನ ಸರಪಳಿ ಕತ್ತರಿಸಿ ಬಿದ್ದಿತ್ತು. ಗಾಜಿನ ಚೂರು ಒಂದೂ ಇಲ್ಲ. ಎರಡೂ ಕೀಲಿ ಇದ್ದಲ್ಲೇ ಇವೆ, ಒಂದು ರೆಕ್ಸನ ಬೀರುವಿನಲ್ಲಿ, ಒಂದು ಡಾಕ್ಟರ ಜೇಬಿನಲ್ಲಿ. ಆದರೆ ಹ್ಯಾರೋವರ್ ತಲೆ ಕೆರೆದುಕೊಂಡದ್ದು ಬೇರೆಯದಕ್ಕೆ. ಗಾಡಿ ನಿಂತಿದ್ದ ಜಾಗದ ಪಕ್ಕದಲ್ಲಿ ಟಾರ್ಪಾಲು ಹಾಸಿ, ಅದರ ಮೇಲೆ ಎರಡನೆಯ ಫ್ರಿಜ್ಜು, ಟಿವಿ, ಕಾಫಿ ಯಂತ್ರ, ಚಾವಣಿಯ ಉದ್ದನೆಯ ದೀಪ, ಎಲ್ಲವನ್ನೂ ಸಾಲಾಗಿ ಜೋಡಿಸಿಟ್ಟಿದ್ದರು. ಬಿಚ್ಚಿದ ತಿರುಪುಗಳು ಒಂದು ಬಟ್ಟಲಲ್ಲಿದ್ದವು.

“ಇದೆಂಥಾ ಕಳ್ಳ ಮಾರಾಯ್ತಿ, ಒಳ್ಳೆ ಮಾಲೆಲ್ಲ ಬಿಟ್ಟು ಹೋಗಿದ್ದಾನೆ?” ಎಂದು ಹ್ಯಾರೋವರ್ ಕೇಳಿದ.

ಟಸೋನಿ ಮೊಣಕಾಲೂರಿ ನೆಲದಿಂದ ಎರಡು ವಸ್ತು ಎತ್ತಿಕೊಂಡಳು: ಕತ್ತರಿಸಿದ ಒಂದು ತುಂಡು ತಂತಿ, ಸೈಕಲ್ ಟ್ಯೂಬಿನ ಒಂದು ಪಟ್ಟಿ. ಅವಳ ಅಪ್ಪ ಪ್ರತಿ ಚಳಿಗಾಲ ಉತ್ತರಕ್ಕೆ ಹೋಗಿಬರುವ ಜಾತಿ. ದೂರ ಹೋಗುವವರು ಮೂರನೆಯದೊಂದು ಕೀಲಿಯನ್ನು ರಬ್ಬರಿನಲ್ಲಿ ಸುತ್ತಿ, ಗಾಡಿಯಡಿಯ ಕಬ್ಬಿಣದ ಚೌಕಟ್ಟಾದ ಚಾಸಿಯ ಮೇಲ್ಗಡೆ, ಬಗ್ಗಿದರೂ ಕಾಣದ ಹಾಗೆ, ತಂತಿಯಲ್ಲಿ ಕಟ್ಟಿರುತ್ತಾರೆ ಎಂದು ಅವಳು ವಿವರಿಸಿದಳು. ಕೀಲಿ ಒಳಗೇ ಉಳಿದು ಬಾಗಿಲು ಮುಚ್ಚಿಕೊಂಡರೆ ಮರಳುಗಾಡಿನಲ್ಲಿ ಬೀಗದವನನ್ನು ಎಲ್ಲಿಂದ ತರುವುದು? ಗಾಡಿ ಮಾರುವಾಗ ಆ ಕೀಲಿಯನ್ನು ಬಿಚ್ಚಿಕೊಳ್ಳಲು ಹೆಚ್ಚಿನವರು ಮರೆಯುತ್ತಾರೆ. ಅದು ಎಲ್ಲಿದೆ ಎಂದು ಗೊತ್ತಿರುವುದು ಕಟ್ಟಿದವರಿಗೆ ಮಾತ್ರ.

“ಇದು ಮಾರೋಕೆ ಕದ್ದಿದ್ದಲ್ಲ ಸಾರ್ಜ್. ತೂಕ ಇಳಿಸಿದ್ದಾರೆ. ಮರಳಿಗೆ ಹೋಗೋಕೆ ಕದ್ದಿದ್ದು,” ಎಂದಳು.

ಪಕ್ಕದಲ್ಲಿ ನಿಂತಿದ್ದ ರೆಕ್ಸ್ ಟ್ರಿಗ್ ಮರಳಿಗಾ ಎಂದು ಎರಡು ಸಲ ಕೇಳಿದ. ಆಮೇಲೆ ಟೋಪಿ ತೆಗೆದು ಕೈಯಲ್ಲಿ ಹಿಸುಕುತ್ತ ವಿಷಯ ಬಿಚ್ಚಿಟ್ಟ. ಶನಿವಾರ ಮಧ್ಯಾಹ್ನ ನೀರಿನ ಟ್ಯಾಂಕಿಗೆ ಪಾಚಿ ತೊಳೆಯುವ ಬ್ಲೀಚಿನ ದ್ರಾವಣ ತುಂಬಿಟ್ಟಿದ್ದ, ಸೋಮವಾರದವರೆಗೆ ನೆನೆಯಲಿ ಎಂದು. ಬಹಳ ಕಡುವಾದದ್ದು. ನಲ್ಲಿಗೆ ಕೆಂಪು ಚೀಟಿ ಕಟ್ಟಬೇಕಿತ್ತು.

“ಕಟ್ಟಿದ್ದೆಯಾ?” ಎಂದು ಹ್ಯಾರೋವರ್ ಕೇಳಿದ.

“ಬೀಗ ಹಾಕಿರೋ ಅಂಗಳದಲ್ಲಿ ಯಾರು ಬಂದು ಕುಡೀತಾರೆ ಅಂತ ಬಿಟ್ಟೆ.”

“ಒಳಗಿನ ಮೀಟರು ಏನು ತೋರಿಸುತ್ತೆ?”

“ಫುಲ್ ಅಂತ ತೋರಿಸುತ್ತೆ ಸಾರ್ಜೆಂಟ್. ನೀರಾದರೇನು, ಬ್ಲೀಚಾದರೇನು, ಅದಕ್ಕೆ ಎಲ್ಲಾ ಒಂದೇ.”

ಹ್ಯಾರೋವರ್ ತಕ್ಷಣ ಲೆಕ್ಕ ಹಾಕಿದ. ಉತ್ತರದ ಮರುಭೂಮಿಯಲ್ಲಿ ಬೇಸಿಗೆಗೆ ಮೊದಲೇ ಬಿಸಿಲು ನಲವತ್ತು ಡಿಗ್ರಿ ದಾಟಿತ್ತು. ಪ್ರವಾಸದ ಗಾಡಿಗಳೆಲ್ಲ ಗೂಡು ಸೇರಿ ತಿಂಗಳಾಗಿತ್ತು. ಕದ್ದವರು ಮೀಟರು ನೋಡಿ, ತುಂಬಿದೆ ಎಂದು ನಂಬಿ, ಬೇರೆ ನೀರು ಒಯ್ಯದೆ ಹೊರಟಿದ್ದರೆ ಆ ದ್ರಾವಣ ಕುಡಿದರೂ ಸಾವು, ಕುಡಿಯದಿದ್ದರೂ ಸಾವು. ಎರಡು ಬೇಸಿಗೆಯ ಹಿಂದೆ ಕೆಟ್ಟ ಗಾಡಿ ಬಿಟ್ಟು ನಡೆದು ಹೊರಟಿದ್ದ ಒಬ್ಬನ ಹೆಣವನ್ನು ಹೊತ್ತು ತಂದದ್ದು ಅವನೇ. ಆ ಭಾರ ಅವನ ಹೆಗಲಿನಿಂದ ಇನ್ನೂ ಇಳಿದಿರಲಿಲ್ಲ. ಕಳ್ಳತನದ ಕೇಸು ಆ ಕ್ಷಣಕ್ಕೆ ಹುಡುಕಾಟವಾಯಿತು. ಉತ್ತರದ ಠಾಣೆಗಳಿಗೆಲ್ಲ ಗಾಡಿಯ ನಂಬರು ಹೋಯಿತು.

ಮರ್ವಿನ್ ಆಮರಿ ರೈಲ್ವೆಯಲ್ಲಿ ಎಲೆಕ್ಟ್ರಿಷಿಯನ್ ಆಗಿ ನಿವೃತ್ತನಾದವನು. ಪೊಲೀಸರು ಹೋದಾಗ ಮನೆಯ ಹಿಂದಿನ ಶೆಡ್ಡಿನಲ್ಲಿ ಹೊಸ ಗಾಡಿಯೊಂದರ ಒಳಮೈಯನ್ನೆಲ್ಲ ಬಿಚ್ಚಿ ಹಾಕಿ, ತಲೆಗೆ ದೀಪ ಕಟ್ಟಿಕೊಂಡು ತೂತು ಕೊರೆಯುತ್ತಿದ್ದ. ಹಳೆಯದು ಕಳುವಾಯಿತು ಎಂದಾಗ, ಎರಡನೆಯ ಬ್ಯಾಟರಿಯ ವೈರು ಹರಿದಿಲ್ಲವಷ್ಟೆ ಎಂದು ಕೇಳಿದ. ಆ ಗಾಡಿಯ ಮೂರನೆಯ ಕೀಲಿ ಕಟ್ಟಿದ್ದು ಯಾರು ಎಂದು ಹ್ಯಾರೋವರ್ ವಿಚಾರಿಸಿದ.

“ಜಾಯ್ಲೀನ್ ಕಟ್ಟಿದ್ದು. ನನಗೆ ಬೆನ್ನು ಬಗ್ಗಲ್ಲ. ಗಾಡಿಯಡಿಗೆ ಹೋಗೋ ಕೆಲಸ ಎಲ್ಲ ಅವಳದೇ.”

“ಎಲ್ಲಿದ್ದಾರೆ ನಿಮ್ಮ ಹೆಂಡತಿ?”

“ಅಡಿಲೇಡಲ್ಲಿ, ತಂಗಿ ಮನೇಲಿ. ಶನಿವಾರ ಸಂಜೆ ಬಸ್ಸಿಗೆ ಹೋದಳು.”

ಟಸೋನಿ ಹೊರಗೆ ಹೋಗಿ ಆ ತಂಗಿಗೆ ಫೋನು ಮಾಡಿ ಬಂದಳು. ಜಾಯ್ಲೀನ್ ಅಲ್ಲಿಗೆ ಬಂದಿರಲಿಲ್ಲ. ಬರುವ ಮಾತೂ ಆಗಿರಲಿಲ್ಲ. ಮರ್ವಿನ್ ನಕ್ಕ. ಅರವತ್ತಮೂರು ವರ್ಷದವಳು, ಶಾಲಾ ಬಸ್ಸು ಓಡಿಸಿಕೊಂಡು ಮರ್ಯಾದೆಯಾಗಿ ಬದುಕಿದವಳು, ಗಾಡಿ ಕದಿಯುತ್ತಾಳೆಯೇ ಎಂದ. ಹ್ಯಾರೋವರ್ ಟ್ಯಾಂಕಿನ ವಿಷಯ ಹೇಳಿದ ಮೇಲೆ ಆ ನಗು ನಿಂತಿತು. ಕೈಯಲ್ಲಿದ್ದ ಡ್ರಿಲ್ಲನ್ನು ಎಲ್ಲಿಡಬೇಕು ಎಂದೇ ಅವನಿಗೆ ತೋಚಲಿಲ್ಲ.

“ಎಲ್ಲಿಗೆ ಹೋಗಿರ್ತಾರೆ? ಬೇಗ ಹೇಳಿ.”

“ಐರ್ ಸರೋವರಕ್ಕೆ. ಈ ವರ್ಷ ನೀರು ಬಂದಿದೆಯಲ್ಲ. ಅದೊಂದೇ ಜಪ ಅವಳದು. ಮುಂದಿನ ವರ್ಷ ಹೋಗೋಣ ಅಂತ ಹೇಳಿದ್ದೆ.”

ಮರುಭೂಮಿಯ ನಡುವಿನ ಆ ಉಪ್ಪಿನ ಸರೋವರ ಒಮ್ಮೆ ಒಣಗಿದರೆ ಎಷ್ಟು ವರ್ಷಕ್ಕೆ ಮತ್ತೆ ತುಂಬುತ್ತದೆಂದು ಆ ಸೀಮೆಯಲ್ಲಿ ಯಾರೂ ಹೇಳಲಾರರು. ಇಷ್ಟು ಸಿದ್ಧವಿದ್ದ ಗಾಡಿಯನ್ನು ಮಾರಿದ್ದಾದರೂ ಏಕೆ ಎಂದು ಟಸೋನಿ ಸುಮ್ಮನಿರಲಾರದೆ ಕೇಳಿದಳು. ಇನ್ನೂ ಸರಿಯಾದದ್ದೊಂದು ಕಟ್ಟೋಣ ಅನ್ನಿಸಿತು ಎಂದು ಮರ್ವಿನ್ ಗೊಣಗಿದ. ದಾರಿಯಲ್ಲಿ ಏನೇನು ಕೆಡಬಹುದು ಎಂಬುದೆಲ್ಲ ರಾತ್ರಿ ಮಲಗಿದಾಗ ಅವನಿಗೆ ಹೊಳೆಯುತ್ತಿತ್ತು. ಬೆಳಿಗ್ಗೆ ಎದ್ದು ಒಂದೊಂದಕ್ಕೂ ಒಂದೊಂದು ಸಾಮಾನು ಕೂರಿಸುತ್ತಿದ್ದ. ಹನ್ನೆರಡು ವರ್ಷ ಹಾಗೇ ಕಳೆದಿತ್ತು. ತಾನೂ ಬರುತ್ತೇನೆಂದು ಹಟ ಹಿಡಿದವನನ್ನು ಫೋನಿನ ಹತ್ತಿರವೇ ಕೂರುವಂತೆ ಒಪ್ಪಿಸಿ ಪೊಲೀಸರು ಹೊರಟರು.

ಹತ್ತು ಗಂಟೆಗೆ ಊರು ಬಿಟ್ಟರು. ಸರೋವರಕ್ಕೆ ಹತ್ತಿರದ ಮರೀ ಠಾಣೆಯ ಏಕೈಕ ಕಾನ್‌ಸ್ಟೆಬಲ್, ಬರ್ಡ್ಸ್‌ವಿಲ್ ಊರಿನ ಹಾದಿಯಲ್ಲಿ ಮಗುಚಿದ ದನದ ಲಾರಿಯ ಹತ್ತಿರ ಸಿಕ್ಕಿಕೊಂಡಿದ್ದ, ಅವನಿಗಿಂತ ತಾವೇ ಮೊದಲು ಮುಟ್ಟಬಹುದಿತ್ತು. ಹ್ಯಾರೋವರ್ ಗಾಡಿ ಓಡಿಸಿದ. ಎಂದೂ ವೇಗ ಮಿತಿ ಮೀರದವನು ಅಂದು ಮೀಟರಿನ ಕಡೆ ನೋಡಲಿಲ್ಲ. ಟಸೋನಿ ಫೋನು ಸಿಗುವಷ್ಟು ದೂರ ಸಿಕ್ಕಸಿಕ್ಕವರಿಗೆ ಫೋನು ಮಾಡುತ್ತ ಬಂದಳು. ದಾರಿಯಲ್ಲಿನ ರಾಕ್ಸ್‌ಬಿ ಊರಿನ ಪೆಟ್ರೋಲ್ ಬಂಕಿನವಳಿಗೆ ನೆನಪಿತ್ತು. ಭಾನುವಾರ ಬೆಳಿಗ್ಗೆ ಒಬ್ಬಾಕೆ ಡೀಸೆಲ್ ತುಂಬಿಸಿಕೊಂಡಳು, ಒಬ್ಬಳೇ ಹಾಡಿಕೊಳ್ಳುತ್ತಿದ್ದಳು. ನೀರು ಬೇಕಾ ಎಂದು ಕೇಳಿದ್ದಕ್ಕೆ ತೊಂಬತ್ತು ಲೀಟರ್ ಇದೆ ಎಂದು ಹೆಮ್ಮೆಯಿಂದ ಹೇಳಿದಳು. ಕೊನೆಗೆ ಒಂದು ಸಣ್ಣ ಬಾಟಲಿ ಮಾತ್ರ ಕೊಂಡಳು.

ಡಾಂಬರು ಮುಗಿದು ಮಣ್ಣಿನ ಹಾದಿ ಶುರುವಾಯಿತು. ಹ್ಯಾರೋವರ್ ಇಳಿದು, ಮೆದು ಮಣ್ಣಿನಲ್ಲಿ ಹೂತುಕೊಳ್ಳದಿರಲೆಂದು, ಚಕ್ರಗಳ ಗಾಳಿ ತುಸು ಕಡಿಮೆ ಮಾಡಿದ. ಯಾವತ್ತೂ ಸಿಗರೇಟು ಸೇದುತ್ತ ನಿಧಾನವಾಗಿ ಮಾಡುವ ಕೆಲಸ, ಇವತ್ತು ಅವಸರಕ್ಕೆ ಗಾಳಿ ಅಳೆಯುವ ಗೇಜು ಎರಡು ಸಲ ಜಾರಿ ಬಿತ್ತು. ಗಾಳಿ ಬಿಸಿಯಾಗಿ ಬೀಸುತ್ತಿತ್ತು. ಟಸೋನಿ ನೀರಿನ ಬಾಟಲಿ ಚಾಚಿದಳು. ಅವನು ಬೇಡವೆಂದ. ಬಾಯಾರಿರಲಿಲ್ಲವೆಂದಲ್ಲ, ಕುಡಿಯಲು ಮನಸ್ಸು ಬರಲಿಲ್ಲ.

ಮೂರೂವರೆಗೆ ವಿಲಿಯಂ ಕ್ರೀಕ್ ಎಂಬ ಪುಟ್ಟ ಊರು ಮುಟ್ಟಿದರು. ಅಲ್ಲಿ ಪ್ರವಾಸಿಗಳಿಗೆ ಮೇಲಿನಿಂದ ಸರೋವರ ತೋರಿಸುವ ಸಣ್ಣ ವಿಮಾನದ ಪೈಲಟ್ ಒಬ್ಬಳಿದ್ದಳು, ಫ್ರೇಯಾ ನೀಲ್ಸನ್ ಎಂದು. ಪೊಲೀಸರ ಕರೆ ಬಂದೊಡನೆ ಅವಳು ಒಂದು ಸುತ್ತು ಹಾಕಿ ಬಂದಿದ್ದಳು. ಸರೋವರದ ದಂಡೆಯ ಹಾದಿ ಮುಗಿಯುವಲ್ಲಿ ಚಾವಣಿಯ ಮೇಲೆ ಡೇರೆಯಿರುವ ಬಿಳಿ ಗಾಡಿಯಿದೆ, ಉಪ್ಪಿನ ಕೆಸರಿಗೆ ಹೂತಿದೆ ಎಂದಳು. ಜನ ಕಂಡರಾ ಎಂದು ಹ್ಯಾರೋವರ್ ಕೇಳಿದ. ರೆಕ್ಕೆ ಬಾಗಿಸಿ ಮೂರು ಸಲ ಸುತ್ತಿದೆ, ಯಾರೂ ಹೊರಗೆ ಬರಲಿಲ್ಲ ಎಂದಳು. ಅದನ್ನು ಹೇಳುವಾಗ ಅವಳು ನೆಲ ನೋಡುತ್ತಿದ್ದಳು. ಹತ್ತಿರದಲ್ಲಿ ವಿಮಾನ ಇಳಿಯುವ ಜಾಗವಿಲ್ಲ.

ಉಳಿದ ಹಾದಿಗೆ ಎರಡು ಗಂಟೆ ಹಿಡಿಯಿತು. ಇಬ್ಬರೂ ಹಾದಿಯ ಅಂಚನ್ನೇ ನೋಡುತ್ತ ಸಾಗಿದರು. ಒಂದು ಸಲ ಟಸೋನಿ, ಆಕೆ ಗಾಡಿ ಬಿಟ್ಟು ನಡೆದಿರಲಿಕ್ಕಿಲ್ಲ ಅಲ್ಲವಾ ಎಂದಳು. ಹಾದಿಯ ಪಕ್ಕದಲ್ಲಿ ಎಲ್ಲೂ ಹೆಜ್ಜೆ ಕಾಣದಿದ್ದುದೊಂದೇ ಸಮಾಧಾನ. ಬಿಳಿ ಗಾಡಿ ಕಂಡಾಗ ಗಂಟೆ ಐದೂವರೆ ದಾಟಿತ್ತು. ಹಿಂದಿನ ಚಕ್ರಗಳು ಅರ್ಧಕ್ಕೆ ಮುಳುಗಿದ್ದವು. ಗಾಡಿಯಡಿಯ ನೆರಳಿನಿಂದ ಒಂದು ಜೊತೆ ಬೂಟುಗಾಲು ಹೊರಗೆ ಚಾಚಿದ್ದವು.

ಹ್ಯಾರೋವರ್ ಓಡಿದ. ಕೆಸರಿನಲ್ಲಿ ಒಮ್ಮೆ ಮುಗ್ಗರಿಸಿ ಬಿದ್ದು ಎದ್ದು ಓಡಿದ. ಹತ್ತಿರ ಹೋಗಿ ಬಗ್ಗುವುದರೊಳಗೆ ಬೂಟುಗಾಲು ಅಲ್ಲಾಡಿತು.

“ನೀರು ಮೊದಲು. ಬೇಡಿ ಆಮೇಲೆ,” ಎಂದಿತು ಒಳಗಿನ ಒರಟು ಗಂಟಲು.

ಹ್ಯಾರೋವರ್ ಅಲ್ಲೇ ಕುಸಿದು ಕೂತ. ಖುಷಿಗೋ ಸಿಟ್ಟಿಗೋ ಅವನ ಕಣ್ಣು ತುಂಬಿ ಬಂತು, ಅದನ್ನು ಒರೆಸಿಕೊಳ್ಳುವ ಗೋಜಿಗೆ ಅವನು ಹೋಗಲಿಲ್ಲ. ಟಸೋನಿ ಆಕೆಯನ್ನು ನಿಧಾನವಾಗಿ ಹೊರಗೆಳೆದು ಗುಟುಕು ಗುಟುಕಾಗಿ ನೀರು ಕುಡಿಸಿದಳು. ತುಟಿ ಸೀಳಿತ್ತು, ಕೈ ಉರಿದು ಕೆಂಪಾಗಿತ್ತು, ತಲೆ ನೆಟ್ಟಗೆ ನಿಲ್ಲುತ್ತಿರಲಿಲ್ಲ. ವಿಮಾನದ ಸದ್ದು ಕೇಳಿತ್ತಂತೆ, ಏಳಲು ಶಕ್ತಿಯಿರಲಿಲ್ಲ. ಭಾನುವಾರ ಸಂಜೆ ಗಾಡಿ ಹೂತಿತು. ಟೀ ಕಾಯಿಸಲು ನಲ್ಲಿ ತಿರುಗಿಸಿದಾಗ ಬ್ಲೀಚು ಮೂಗಿಗೆ ಬಡಿಯಿತು. ಗಾಡಿ ಬಿಟ್ಟು ನಡೆಯಬಾರದು ಎಂಬುದು ಗೊತ್ತಿದ್ದರಿಂದ ಅದರ ಕೆಳಗಿನ ನೆರಳಿಗೆ ಸೇರಿಕೊಂಡಳು. ಡಬ್ಬಿಯ ಪೀಚ್ ಹಣ್ಣು, ಬೀಟ್‌ರೂಟ್, ಅವುಗಳ ರಸವೇ ಒಂದು ಹಗಲು ಒಂದು ರಾತ್ರಿಯ ನೀರು.

ಆಕೆಗೆ ತುಸು ಜೀವ ಬಂದ ಮೇಲೆ, ಆರೂ ಹತ್ತಕ್ಕೆ, ಹ್ಯಾರೋವರ್ ಎದ್ದು ನಿಂತು ಕ್ರಮದಂತೆ ಹೇಳಿದ.

“ಜಾಯ್ಲೀನ್ ಆಮರಿ ಅವರೇ, ಗಾಡಿ ಕದ್ದ ಆರೋಪದ ಮೇಲೆ ನಿಮ್ಮನ್ನ ಬಂಧಿಸ್ತಾ ಇದ್ದೀನಿ. ನೀವೇನೂ ಹೇಳಬೇಕು ಅಂತಿಲ್ಲ. ಹೇಳಿದ್ದು ಕೋರ್ಟಿಗೆ ಹೋಗಬಹುದು.”

“ಹೋಗಲಿ. ಯಾರಾದರೂ ಒಬ್ಬರು ಕೇಳಿಸಿಕೊಳ್ಳಲಿ.”

ಆಕೆ ಹೇಳಿದ್ದನ್ನು ಟಸೋನಿ ಬರೆದುಕೊಂಡಳು. ಹನ್ನೆರಡು ವರ್ಷದ ಭಾನುವಾರಗಳೆಲ್ಲ ಆಕೆ ಆ ಗಾಡಿಯಡಿಯಲ್ಲಿ ಮಲಗಿ ಟಾರ್ಚು ಹಿಡಿದಿದ್ದಳು. ಇದೊಂದು ಆಗಲಿ, ಹೊರಡೋಣ ಎಂದು ಗಂಡ ಪ್ರತಿ ಸಲ ಹೇಳುತ್ತಿದ್ದ. ಈ ವರ್ಷ ಇನ್ನೇನೂ ಬಾಕಿ ಉಳಿದಿರಲಿಲ್ಲ. ಆಕೆ ಬಟ್ಟೆ ಕಟ್ಟಿಟ್ಟಳು, ಹಾಸಿಗೆ ಬಿಸಿಲಿಗೆ ಹಾಕಿದಳು. ಅಂಗಡಿಯಿಂದ ಬರುವುದರೊಳಗೆ ಹಲ್ಲಿನ ಡಾಕ್ಟರ್ ಆ ಗಾಡಿ ಓಡಿಸಿಕೊಂಡು ಗೇಟು ದಾಟುತ್ತಿದ್ದ. ಆಕೆಯ ಬಟ್ಟೆಯ ಚೀಲವನ್ನು ಮರ್ವಿನ್ ಇಳಿಸಿ ಜಗಲಿಯ ಮೇಲಿಟ್ಟಿದ್ದ. 

ಹ್ಯಾರೋವರ್ ಉಪಗ್ರಹ ಫೋನಿನಿಂದ ಮೊದಲು ವಿಲಿಯಂ ಕ್ರೀಕಿಗೆ ವಿಮಾನದಲ್ಲಿ ಬರುವ ವೈದ್ಯರನ್ನು ಕರೆಸಿದ. ಆಮೇಲೆ ಮರ್ವಿನ್‌ಗೆ ಮಾಡಿದ. ಮರ್ವಿನ್ ಒಂದೇ ರಿಂಗಿಗೆ ಎತ್ತಿದ. ಬದುಕಿದ್ದಾರೆ ಎಂದು ತಿಳಿಸಿ, ಮಾತಾಡುತ್ತೀರಾ ಎಂದು ಹ್ಯಾರೋವರ್ ಫೋನನ್ನು ಜಾಯ್ಲೀನ್‌ಗೆ ಚಾಚಿದ. ಆಕೆ ಮೊದಲು ಬೇಡವೆಂದು ತಲೆಯಾಡಿಸಿದಳು. ಆಮೇಲೆ ತೆಗೆದುಕೊಂಡಳು. ಗಾಡಿಗೆ ಒರಗಿ ಕೂತಿದ್ದವಳ ಎದುರಿಗೆ, ಉಪ್ಪಿನ ಬಯಲಿನಾಚೆ ನೀರು ಹರಡಿಕೊಂಡಿತ್ತು, ಅದರ ಮೇಲೆ ಹೆಜ್ಜಾರ್ಲೆ ಹಕ್ಕಿಗಳು ಇಳಿಯುತ್ತಿದ್ದವು.

“ಜಾಯ್, ಏನು ಕೆಟ್ಟಿತು?” ಎಂದು ಮರ್ವಿನ್ ಕೇಳಿದ್ದು ಪಕ್ಕದಲ್ಲಿದ್ದ ಇಬ್ಬರಿಗೂ ಕೇಳಿಸಿತು.

“ಏನೂ ಕೆಡಲಿಲ್ಲ ಮರ್ವ್,” ಎಂದಳು ಆಕೆ. “ನೀನು ಕೂರಿಸಿದ್ದು ಒಂದೂ ಕೆಡಲಿಲ್ಲ. ಹನ್ನೆರಡು ವರ್ಷದ ಹಿಂದೆಯೇ ನಾವು ಹೊರಡಬಹುದಿತ್ತು.”

ಆ ಕಡೆ ಮರ್ವಿನ್ ಅಳುತ್ತಿದ್ದ. ಆಕೆ ಫೋನು ಇಡಲಿಲ್ಲ. ಹ್ಯಾರೋವರ್ ಹಗ್ಗ ತೆಗೆದುಕೊಂಡು ಗಾಡಿ ಎಳೆಯುವ ಕೆಲಸಕ್ಕೆ ಇಳಿದ.